ಹದಿನೇಳನೆಯ ಸಾಲಿಗೆ ಬಂದ ಉತ್ತರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನದು. ಇಬ್ಬರು ಕೂತು ಮಾಡಬೇಕಾದ ಕೆಲಸವನ್ನು ನಾನೊಬ್ಬನೇ ಎರಡು ದನಿಯಲ್ಲಿ ಮಾಡಿ ಮುಗಿಸಿದೆ. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ವಿಚಿತ್ರ ಅನುಭವ ಹೇಳುವವರು ಸಿಕ್ಕರೆ ನನಗೆ ಹಬ್ಬ. ಹುಣಸೆ ಮರದಡಿ ಯಾರೋ ತನ್ನ ಹೆಸರು ಹಿಡಿದು ಕರೆದರೆಂದು ನಮ್ಮ ಸೋದರತ್ತೆ ಒಮ್ಮೆ ಹೇಳಿದಾಗ, ನಾನು ವಾರವಿಡೀ ಅಡುಗೆಮನೆಯ ಹಿಂದೆ ನಿಂತು ಅದೇ ಕರೆಯನ್ನು ಕೂಗಿ ಅವಳ ನಿದ್ದೆ ಕೆಡಿಸಿದ್ದೆ. ಕಂಡಕಂಡವರ ದನಿ ಅನುಕರಿಸುವವನಿಗೆ ದೆವ್ವಗಳ ಮೇಲೆ ನಂಬಿಕೆ ಬರುವುದು ಕಷ್ಟ. ಎಲ್ಲ ದೆವ್ವಗಳ ಗಂಟಲೂ ತನ್ನದೇ ಅನ್ನಿಸುತ್ತಿರುತ್ತದೆ.

ಮೂರು ವರ್ಷದ ಹಿಂದಿನ ಮಾತು. ನಮ್ಮ ಆಫೀಸು ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಹಲ್ಲಿನ ದವಾಖಾನೆಯೊಂದರ ಮೇಲಿನ ಮಹಡಿಯಲ್ಲಿದೆ. ಹೊರದೇಶದ ಸಣ್ಣಪುಟ್ಟ ಸಂಸ್ಥೆಗಳ ಕಂಪ್ಯೂಟರ್ ವ್ಯವಸ್ಥೆಗಳನ್ನು ಅಲ್ಲಿಂದಲೇ ನೋಡಿಕೊಳ್ಳುತ್ತೇವೆ. ಆ ದೇಶದಲ್ಲಿ ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುತ್ತಾರೆ. ಬೇಸಿಗೆಗೆ ಒಂದು ತಾಸು ಮುಂದೆ, ಚಳಿಗಾಲಕ್ಕೆ ಒಂದು ತಾಸು ಹಿಂದೆ. ಹಿಂದೆ ತಿರುಗಿಸಿದ ರಾತ್ರಿ ಅವರಿಗೆ ಒಂದರಿಂದ ಎರಡರವರೆಗಿನ ತಾಸು ಎರಡು ಸಲ ಬರುತ್ತದೆ. ಮನುಷ್ಯರಾದರೆ ಮಗ್ಗುಲು ಬದಲಿಸಿ ಮಲಗುತ್ತಾರೆ. ಕಂಪ್ಯೂಟರಿಗೆ ಮೊದಲೇ ಹೇಳಿಡದಿದ್ದರೆ ಅದು ಆ ತಾಸಿನ ಕೆಲಸವನ್ನೆಲ್ಲ ಮತ್ತೊಮ್ಮೆ ಮಾಡುತ್ತದೆ.

ಯಾವುದೋ ಹೋಟೆಲಿಗೆ ಹಾಲಿನ ಆರ್ಡರು ಎರಡು ಸಲ ಹೋದರೆ ಬೈಸಿಕೊಂಡು ಸುಮ್ಮನಿರಬಹುದು. ಆದರೆ ನಮ್ಮ ಗಿರಾಕಿಗಳ ಪಟ್ಟಿಯ ಹದಿನೇಳನೆಯ ಸಾಲಿನಲ್ಲಿ ವೃದ್ಧರ ಆಸ್ಪತ್ರೆಯೊಂದಿತ್ತು. ಯಾವ ಹಾಸಿಗೆಗೆ ಎಷ್ಟು ಹೊತ್ತಿಗೆ ಯಾವ ಔಷಧಿ ಎಂದು ಗಂಟೆ ಬಾರಿಸಿ ನರ್ಸಿಗೆ ತಿಳಿಸುವುದು ಅಲ್ಲಿನ ಕಂಪ್ಯೂಟರು. ಒಂಬತ್ತನೆಯ ಹಾಸಿಗೆಯವರಿಗೆ ರಾತ್ರಿ ಒಂದೂವರೆಗೆ ನೋವಿನ ಇಂಜೆಕ್ಷನ್ನು. ತಾಸಿನೊಳಗೆ ಅದನ್ನೇ ಇನ್ನೊಮ್ಮೆ ಚುಚ್ಚಿದರೆ ಉಸಿರು ನಿಲ್ಲಬಹುದು, ಅಷ್ಟು ಜೋರಿನದು.

ಇದಕ್ಕೆಂದೇ ನಮ್ಮಲ್ಲೊಂದು ಪದ್ಧತಿ. ಗಡಿಯಾರ ತಿರುಗುವ ಮುಂಚಿನ ಶನಿವಾರ ಇಬ್ಬರು ಎದುರುಬದುರು ಕೂರಬೇಕು. ಒಬ್ಬ ಪಟ್ಟಿಯ ಸಾಲನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬ ಆ ವ್ಯವಸ್ಥೆಯನ್ನು ಪರದೆಯ ಮೇಲೆ ತೆರೆದು, ಆ ತಾಸಿನ ಕೆಲಸ ಮತ್ತೆ ಮಾಡಬೇಡವೆನ್ನುವ ಗುರುತು ಹಾಕಿದೆಯೇ ಎಂದು ಕಣ್ಣಾರೆ ನೋಡಿ, "ಸರಿ ಐತಿ" ಅನ್ನಬೇಕು. ಅದೆಲ್ಲ ಫೋನಿನಲ್ಲಿ ರೆಕಾರ್ಡ್ ಆಗಿ ನಮ್ಮ ಮುಖ್ಯಸ್ಥೆ ಗೀತಾ ಮೇಡಮ್‌ಗೆ ಹೋಗಬೇಕು. ನನ್ನ ಜೋಡಿ ಚನ್ನಬಸಣ್ಣ, ಐವತ್ತು ದಾಟಿದವರು. ಅವರ ಒಂದು ಉತ್ತರಕ್ಕೆ ಮೂಗಿನಲ್ಲಿ "ಹೂಂ", ಗಂಟಲಲ್ಲಿ ಕೆಮ್ಮು, ಕನ್ನಡಕ ಒರೆಸುವಷ್ಟು ಮೌನ, ಆಮೇಲೆ "ಸರಿ... ಐತಿ". ನಲವತ್ತು ಸಾಲಿಗೆ ಒಂದು ತಾಸು. ಚಹಾದ ಹೊತ್ತಿನಲ್ಲಿ ನಾನದನ್ನು ಮಾಡಿ ತೋರಿಸಿದರೆ ಮೇಡಮ್ ಕೂಡ ನಗುತ್ತಿದ್ದರು. ಚನ್ನಬಸಣ್ಣ ಮಾತ್ರ ನಗುತ್ತಿರಲಿಲ್ಲ.

ಆ ಶನಿವಾರ ಅಮ್ಮಿನಬಾವಿಯಲ್ಲಿ ಅವರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. "ಸಂಜಿ ಆರಕ್ಕ ಬಂದ್ಬಿಡ್ತೇನಿ. ಅಲ್ಲೀಮಟ ಪಟ್ಟಿ ಮುಟ್ಟಬ್ಯಾಡ ತಮ್ಮಾ" ಎಂದು ಹೇಳಿ ಹೋದರು. ಆರಕ್ಕೆ ನನಗೂ ಗೆಳೆಯನ ನಿಶ್ಚಿತಾರ್ಥದಲ್ಲಿ ಮಿಮಿಕ್ರಿ ಇತ್ತು. ನಾಲ್ಕಕ್ಕೆ ಆಫೀಸಿನಲ್ಲಿ ನಾನೊಬ್ಬನೇ. ಬಾಗಿಲು ಹಾಕಿಕೊಂಡು, ರೆಕಾರ್ಡ್ ಒತ್ತಿ, ಓದುವವನೂ ನಾನೇ, ಕೆಮ್ಮುವವನೂ ನಾನೇ ಆದೆ. ಮೊದಲ ಹತ್ತು ಸಾಲಿಗೆ ಪರದೆ ನೋಡಿದೆ. ಆಮೇಲೆ ಬರೀ ಕೆಮ್ಮಿದೆ. ಇಪ್ಪತ್ತೈದು ನಿಮಿಷದಲ್ಲಿ ಎಲ್ಲ ಮುಗಿಯಿತು. ರೆಕಾರ್ಡನ್ನು ಮೇಡಮ್‌ಗೆ ಕಳಿಸಿ, ಇನ್ನು ಬರಬೇಕಾಗಿಲ್ಲವೆಂದು ಚನ್ನಬಸಣ್ಣನವರಿಗೆ ಸಂದೇಶ ಹಾಕಿದೆ.

ಮರುದಿನ ಭಾನುವಾರ ಹನ್ನೊಂದೂಕಾಲಿಗೆ ಮೇಡಮ್ ಫೋನು. ಕೆಲಗೇರಿಯ ತಮ್ಮ ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡು ರೆಕಾರ್ಡ್ ಕೇಳುತ್ತಿದ್ದರಂತೆ.

"ಹದಿನೇಳನೇದಕ್ಕ ಚನ್ನಬಸಣ್ಣಾರು 'ತಡಿ ತಮ್ಮಾ, ಇನ್ನೊಮ್ಮೆ ನೋಡೂಣು' ಅಂದಾರ. ನೀ ಕುದುರಿ ಏರಿದವರಂಗ ಹದಿನೆಂಟನೇದು ಓದಾಕತ್ತೀದಿ. ಆಮ್ಯಾಲರೆ ನೋಡಿದ್ರೋ ಇಲ್ಲೋ?"

ನನ್ನ ನಲವತ್ತೂ ಉತ್ತರಗಳನ್ನು ಮೇಡಮ್ ನಂಬಿದ್ದಾರಲ್ಲ ಎಂದು ಒಂದು ಕ್ಷಣ ಹೆಮ್ಮೆಯಾದದ್ದು ಸುಳ್ಳಲ್ಲ. ಮರುಕ್ಷಣ ಹೊಳೆಯಿತು: ಆ ಮಾತನ್ನು ನಾನು ಆಡಿರಲಿಲ್ಲ.

ಲ್ಯಾಪ್‌ಟಾಪ್ ತೆರೆದು ನೋಡಿದೆ. ಆಸ್ಪತ್ರೆಯ ವ್ಯವಸ್ಥೆಯಲ್ಲಿ, ಎರಡನೇ ಸಲದ ತಾಸಿಗೆ ಗಂಟೆ ಬಾರಿಸಬೇಡ ಎನ್ನುವ ಗುರುತೇ ಹಾಕಿರಲಿಲ್ಲ. ಅಲ್ಲಿನ ಮೊದಲ ಒಂದೂವರೆ, ನಮ್ಮ ಹನ್ನೊಂದು ಗಂಟೆ, ಆಗಿಹೋಗಿತ್ತು. ಎರಡನೆಯದು ನಮ್ಮ ಹನ್ನೆರಡಕ್ಕೆ. ನರ್ಸ್ ತಾವಾಗಿಯೇ ಗಮನಿಸುತ್ತಿದ್ದರೋ ಏನೋ, ಆದರೆ ಆ ಭರವಸೆಯ ಮೇಲೆ ಕೈಕಟ್ಟಿ ಕೂರುವ ಹಾಗಿರಲಿಲ್ಲ. ಗುರುತು ಹಾಕಿ, ಆಸ್ಪತ್ರೆಗೆ ಫೋನು ಹಚ್ಚಿದೆ. ಹನ್ನೆರಡು ದಾಟುವವರೆಗೆ ಆ ನರ್ಸ್ ಫೋನು ಹಿಡಿದೇ ಇದ್ದರು. ಕಂಪ್ಯೂಟರು ಗಂಟೆ ಬಾರಿಸಲಿಲ್ಲ. ಒಂಬತ್ತನೆಯವರು ಗೊರಕೆ ಹೊಡೆಯುತ್ತಿದ್ದಾರೆ ಎಂದು ನಕ್ಕರು. ಜೀವನದಲ್ಲಿ ಮೊದಲ ಸಲ ಒಂದು ಗೊರಕೆಯನ್ನು ಅನುಕರಿಸಬೇಕು ಅನ್ನಿಸಲಿಲ್ಲ.

ಆಮೇಲೆ ರೆಕಾರ್ಡ್ ಕೇಳಿದೆ. ಮಾತು ಇತ್ತು, ಸ್ಪಷ್ಟವಾಗಿ. ಗೊತ್ತಿಲ್ಲದೆ ನಾನೇ ಆಡಿರಬಹುದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಆ ದನಿ ಮತ್ತು ಹದಿನೆಂಟನೆಯ ಸಾಲನ್ನು ಓದುವ ನನ್ನ ದನಿ ಒಂದರ ಮೇಲೊಂದು ಬಿದ್ದಿವೆ. ಎಷ್ಟೇ ಪಳಗಿದವನಿದ್ದರೂ ಒಂದು ಬಾಯಲ್ಲಿ ಏಕಕಾಲಕ್ಕೆ ಎರಡು ಮಾತು ಹೊರಡುವುದಿಲ್ಲ. ಹಳೆಯ ರೆಕಾರ್ಡಿನ ತುಣುಕು ಸೇರಿಕೊಂಡಿತೇ ಎಂದು ಹಿಂದಿನದನ್ನೆಲ್ಲ ಕೇಳಿದೆ. ಅಂಥ ಮಾತು ಎಲ್ಲಿಯೂ ಇಲ್ಲ. ಆ ಫೋನು ಇವತ್ತಿಗೂ ನನ್ನ ಬಳಿ ಇದೆ. ಎಷ್ಟು ಸಲ ಕೇಳಿದರೂ ನನಗೆ ಅರ್ಥವಾಗಿಲ್ಲ, ನಿಮಗೆ ಅರ್ಥ ಮಾಡಿಸುವ ಶಕ್ತಿಯೂ ಇಲ್ಲ.

ಸೋಮವಾರ ಇಬ್ಬರ ಮುಂದೂ ಎಲ್ಲ ಹೇಳಿಬಿಟ್ಟೆ. ಮೇಡಮ್ ಬೈದದ್ದನ್ನು ಬರೆಯುವುದಿಲ್ಲ, ಅದರಲ್ಲಿ ಅನುಕರಿಸುವಂಥದ್ದೇನೂ ಇರಲಿಲ್ಲ. ಚನ್ನಬಸಣ್ಣ ಬೈಯಲಿಲ್ಲ. ಶನಿವಾರ ನಾಲ್ಕಕ್ಕೆ ಅವರು ಅಮ್ಮಿನಬಾವಿಯಲ್ಲಿ ಹೆಂಗಸರ ಜೋಗುಳದ ನಡುವೆ ಮೊಮ್ಮಗಳನ್ನು ಹಿಡಿದು ಕೂತಿದ್ದರು. ನನ್ನ ನೆನಪು ಅವರಿಗೆ ಕನಸಿನಲ್ಲೂ ಬಂದಿರಲಿಲ್ಲವಂತೆ. ಇಯರ್‌ಫೋನ್ ಹಾಕಿಕೊಂಡು, ಇಪ್ಪತ್ತೈದು ನಿಮಿಷವನ್ನೂ ಕಣ್ಣುಮುಚ್ಚಿ ಕೇಳಿದರು.

"ಆಣಿ ಮಾಡಿ ಹೇಳ್ತೇನ್ರಿ ಅಣ್ಣಾರ, ಹದಿನೇಳನೇದರ ಮಾತು ನಾ ಆಡಿದ್ದಲ್ಲ. ಹಂಗಾರ ಯಾರ ದನೀರಿ ಅದು?" ಎಂದೆ.

ಅವರು ಇಯರ್‌ಫೋನ್ ತೆಗೆದು ನನ್ನ ಕೈಗಿಟ್ಟರು.

"ಯಾರದಂತ ನನಗೇನ್ ಗೊತ್ತೋ ತಮ್ಮಾ? ಆದ್ರ ಇಷ್ಟರಾಗ ನನ್ನ ದನಿಯಂಗ ಕೇಳಿದ್ದು ಅದೊಂದ ಮಾತು ನೋಡು."