ಹೊರಗೇ ಓದಬೇಕಾದ ಕಾಗದ

ಟಪಾಲನ್ನು ನಾನು ಮನೆಯೊಳಗೆ ಒಡೆಯುವುದಿಲ್ಲ. ಪರದೇಶದ ರೆಡ್ಮಂಡ್ ಊರಿನ ಎಜುಕೇಶನ್ ಹಿಲ್‌ನಲ್ಲಿ, ಜಿನುಗುವ ಮಳೆಯಲ್ಲಿ, ಟಪಾಲುಪೆಟ್ಟಿಗೆಯ ಪಕ್ಕ ನಿಂತು, ಹಲ್ಲಿನ ಡಾಕ್ಟರರ ಜಾಹೀರಾತನ್ನೂ ಪರೀಕ್ಷೆಗೆ ಓದುವ ಗಾಂಭೀರ್ಯದಿಂದ ಓದಿ ಮುಗಿಸಿದ ಮೇಲೆಯೇ ಹೊಸ್ತಿಲು ದಾಟುವ ಹೆಂಗಸೊಬ್ಬಳನ್ನು ನೀವು ಕಂಡರೆ, ಅದು ನಾನೇ. "ಅಮ್ಮಾ, ಇಟ್ಸ್ ಜಸ್ಟ್ ಜಂಕ್ ಮೇಲ್" ಎನ್ನುತ್ತಾಳೆ ಮಗಳು. ಇಷ್ಟು ಓದಿದವಳಿಗೆ ಇದೆಂಥ ಮೌಢ್ಯ ಎಂಬ ಅವಳ ನೋಟಕ್ಕೆ ನನ್ನ ಎಂ.ಎಸ್ಸಿ. ಪದವಿಯ ಬಳಿ ಉತ್ತರವಿಲ್ಲ.

ಉತ್ತರ ಇರುವುದು ಗುಳೇದಗುಡ್ಡದ ನೇಕಾರರ ಓಣಿಯಲ್ಲಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ಅದಕ್ಕೂ ಎಷ್ಟೋ ಮುಂಚೆ, ನಾಲ್ಕನೆಯ ಇಯತ್ತೆಯಿಂದಲೇ, ಓಣಿಗೆ ಬಂದ ಕಾಗದಗಳನ್ನೆಲ್ಲ ಓದಿ ಹೇಳುವ ಹುದ್ದೆ ನನ್ನದಾಗಿತ್ತು. ಮಗ್ಗ ನಿಲ್ಲಿಸಿ ದೊಡ್ಡವರೆಲ್ಲ ನನ್ನ ಬಾಯಿ ನೋಡುವಾಗ ಆಗುತ್ತಿದ್ದ ಹೆಮ್ಮೆ ಮುಂದೆ ಯಾವ ಘಟಿಕೋತ್ಸವದಲ್ಲೂ ಆಗಲಿಲ್ಲ. ಸಾವಿನ ಕಾಗದವನ್ನು ಮಾತ್ರ ಹೊರಗೇ ಓದಿ, ಹೊರಗೇ ಹರಿದು ಹಾಕಬೇಕಿತ್ತು. "ಒಳಗ ತರಬ್ಯಾಡ. ತಂದ್ರ ಮನ್ಯಾಗ ಕುಂದರ್ತದ" ಎನ್ನುತ್ತಿದ್ದಳು ಅವ್ವ. ಯಾವುದರಲ್ಲಿ ಸಾವಿದೆಯೋ ಒಡೆಯದೆ ತಿಳಿಯದು; ಅದಕ್ಕೇ ಎಲ್ಲವನ್ನೂ ಹೊರಗೇ ಒಡೆಯುವುದು ರೂಢಿಯಾಯಿತು.

ಇಲ್ಲಿ ಎದುರುಮನೆಯ ಮಾರ್ಗರೆಟ್‌ಗೆ ತೊಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಹೋದ ವರ್ಷ ಒಂದು ಭಾನುವಾರ ಬಿಸ್ಕತ್ತಿನ ಡಬ್ಬಿಯೊಂದನ್ನು ನನ್ನತ್ತ ತಳ್ಳಿ, ವೃದ್ಧಾಶ್ರಮಕ್ಕೆ ಹೋಗುವ ಮೊದಲು ಅಣ್ಣ ವಾಲ್ಟರನ ಕಾಗದಗಳನ್ನು ಒಮ್ಮೆ ಕೇಳಬೇಕು, ಓದುತ್ತೀಯಾ ಎಂದರು. ಹಳೆಯ ಹುದ್ದೆ ಮರಳಿ ಸಿಕ್ಕಿತೆಂದು ನಾನು ಬೀಗಿದೆ.

ವಾಲ್ಟರ್ ಮರಕೊಯ್ಯುವ ಕಾರ್ಖಾನೆಯ ಕೂಲಿಯೊಬ್ಬನ ಮಗ. ಆ ಮನೆಯಿಂದ ಯೂನಿವರ್ಸಿಟಿಗೆ ಹೋದ ಮೊದಲಿಗ. ಅದನ್ನು ಓದಿದಾಗಲೇ ಅವನು ನನಗೆ ನೆಂಟನಾದ. ಒಂದು ವರ್ಷ ಓದಿದ್ದ, ಅಷ್ಟರಲ್ಲಿ ಮಹಾಯುದ್ಧ ಕರೆಯಿತು. ಬಾಂಬರ್ ವಿಮಾನದ ಬಾಲದಲ್ಲಿ, ಹಿಮ್ಮುಖವಾಗಿ ಕುಳಿತು, ಬಂದೂಕು ಹಿಡಿದು ಕಾಯುವುದು ಅವನ ಕೆಲಸ. ಉಳಿದವರು ಹೋಗುವ ಊರು ನೋಡುತ್ತಾರೆ, ನಾನು ಬಿಟ್ಟುಬಂದದ್ದನ್ನೇ ನೋಡುತ್ತಿರುತ್ತೇನೆ ಎಂದು ಬರೆದಿದ್ದ. ಮೇಲೆ ಎಂಥ ಚಳಿಯೆಂದರೆ ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದಂತೆ. ಕೆಳಗೆ ಏನಾಗುತ್ತದೆಂದು ಬರೆಯುವಂತಿಲ್ಲ, ಬರೆಯುವ ಮನಸ್ಸೂ ಇಲ್ಲ ಎಂದಿದ್ದ. ಆ ಕೆಳಗಿನ ಊರುಗಳಲ್ಲೂ ಯಾರೋ ಯಾರಿಗೋ ಕಾಗದ ಓದಿ ಹೇಳಿರಬೇಕು ಅನ್ನಿಸಿತು. ಪ್ರತಿ ಕಾಗದದ ಕೊನೆಗೂ ಒಂದೇ ಮಾತು: ನನ್ನ ಕೆಮಿಸ್ಟ್ರಿ ಪುಸ್ತಕ ಯಾರಿಗೂ ಕೊಡಬೇಡಿ, ಬಂದು ಮುಗಿಸುತ್ತೇನೆ.

ಡಬ್ಬಿಯ ತಳದಲ್ಲಿ ಸೇನೆ ಕಳಿಸಿದ್ದ ತಂತಿ, ಟೆಲಿಗ್ರಾಂ, ಇತ್ತು. ಓದಿದೆ. ಎರಡೇ ಸಾಲಿನ ಸಾವಿನ ಸುದ್ದಿ. ಅದಾದ ಮೇಲೆ ನಾನು ಮಾಡಿದ್ದನ್ನು ನನ್ನ ಕಾಲುಗಳೇ ಮಾಡಿದವು ಎಂದರೆ ನೀವು ನಂಬಬೇಕು. ಎದ್ದು ಜಗಲಿಗೆ ಹೋದೆ. ಹರಿಯಲು ಬೆರಳು ಮೂಲೆಯನ್ನು ಮಡಚಿಯೂ ಆಗಿತ್ತು. ಇದು ನನ್ನದಲ್ಲವಲ್ಲ ಎಂದು ಬೆಚ್ಚಿ, ಹೂಕುಂಡದ ಕೆಳಗೆ ಸಿಕ್ಕಿಸಿ ಒಳಗೆ ಬಂದೆ.

ಮಾರ್ಗರೆಟ್ ಬೆರಳಿನಿಂದ ಡಬ್ಬಿ ತಡವುತ್ತಿದ್ದರು. ತಂತಿ ಎಲ್ಲಿ ಎಂದು ಕೇಳಿದರು. ಹೊರಗೆ ಮಳೆ ಹನಿಯುತ್ತಿತ್ತು. ಅವ್ವನ ಮಾತು, ಓಣಿಯ ಪದ್ಧತಿ, ಎಲ್ಲವನ್ನೂ ತಡವರಿಸುತ್ತ ಹೇಳಿಕೊಂಡೆ.

ಅವರು ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಹೇಳಿದರು: "ಅಮ್ಮ ಅದನ್ನ ಅಡುಗೆಮನೇಲಿ, ಚಮಚದ ಡ್ರಾಯರಲ್ಲಿ ಇಟ್ಟಿದ್ಲು. ಊಟಕ್ಕೆ ಬಡಿಸೋವಾಗೆಲ್ಲ ಕೈಗೆ ತಾಗ್ಲಿ ಅಂತ. ವಿಮಾನ ಸಮುದ್ರಕ್ಕೆ ಬಿತ್ತು. ಅವನು ಸಿಗಲೇ ಇಲ್ಲ. ಮನೆಗೆ ಬಂದಿದ್ದು ಅದೊಂದೇ." ಮತ್ತೆ, ಮೆಲ್ಲಗೆ: "ಒಳಗೆ ತಗೊಂಡು ಬಾ. ಅಲ್ಲಿ ಚಳಿ."

ತಂದೆ. ಒಂದಂಚು ನೆನೆದಿತ್ತು, ಅಕ್ಷರ ಉಳಿದಿತ್ತು. ಕಾಗದದ ಟವೆಲಿನ ನಡುವೆ ಇಟ್ಟು ಅಂಗೈ ಒತ್ತಿ ಕೂತೆ. ಮಾರ್ಗರೆಟ್ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು. ನೀರು ಆರಿತು; ಮೂಲೆಯಲ್ಲಿ ನಾನು ಮಾಡಿದ ಮಡಿಕೆ ಮಾತ್ರ ಹೋಗಲಿಲ್ಲ.

ಮೊನ್ನೆ ಟಪಾಲುಪೆಟ್ಟಿಗೆಯಲ್ಲಿ ಅಪರಿಚಿತ ಕೈಬರಹದ ಲಕೋಟೆಯೊಂದಿತ್ತು. ಕಳಿಸಿದವಳು ವೃದ್ಧಾಶ್ರಮ ಸೇರಿದ್ದ ಮಾರ್ಗರೆಟ್‌ರ ಸೋದರ ಸೊಸೆ. ಒಡೆಯದೆಯೇ ನನಗೆ ತಿಳಿಯಿತು. ಮಳೆ ಜಿನುಗುತ್ತಿತ್ತು. ಅಭ್ಯಾಸದಂತೆ ಬೆರಳು ಅಂಚಿಗೆ ಹೋಯಿತು, ನಿಂತಿತು. ಲಕೋಟೆಯನ್ನು ಕೋಟಿನೊಳಗೆ ಅವಚಿಕೊಂಡು ಹೊಸ್ತಿಲು ದಾಟಿ, ಊಟದ ಮೇಜಿನ ಮುಂದೆ ಕೂತು, ಓಣಿಯಲ್ಲಿ ಓದುತ್ತಿದ್ದ ಹಾಗೆ ಗಟ್ಟಿಯಾಗಿ ಓದಿದೆ. ಓದಿ ಮುಗಿಸಿ ಚಮಚದ ಡ್ರಾಯರ್ ಎಳೆದೆ. ಮಗಳು ಎದ್ದು ಬಂದು, ಚಮಚಗಳನ್ನು ಒಂದು ಬದಿಗೆ ಸರಿಸಿ ಜಾಗ ಮಾಡಿಕೊಟ್ಟಳು.