ಬುಧವಾರದ ಪ್ರಾರ್ಥನಾ ವಿಷಯ

ಎಪ್ಪತ್ತರ ದಶಕದಲ್ಲಿ ನಾನು ಬಿ.ಎಸ್ಸಿ.ಯ ಕೊನೆಯ ವರ್ಷವನ್ನು ರಾಜಾಜಿನಗರದ ಒಂದು ಕ್ರೈಸ್ತ ಹಾಸ್ಟೆಲಿನಲ್ಲಿ ಕಳೆದೆ. ಹಾಸ್ಟೆಲ್ ಅಂದರೆ ದೊಡ್ಡ ಕಟ್ಟಡವೇನಲ್ಲ. ಯಾರೋ ಸಂಸಾರಕ್ಕೆಂದು ಕಟ್ಟಿಸಿದ್ದ ಮನೆಯಲ್ಲಿ ನಾವು ಹನ್ನೊಂದು ಹುಡುಗರು, ಒಬ್ಬರು ವಾರ್ಡನ್, ಒಬ್ಬರು ಅಡುಗೆಯವರು, ಒಂದೇ ಒಂದು ಬಚ್ಚಲು. ಬೆಳಿಗ್ಗೆ ಐದೂವರೆಗೆ ಪ್ರಾರ್ಥನೆ, ಬುಧವಾರ ಸಂಜೆ ಪ್ರಾರ್ಥನಾ ಕೂಟ, ಭಾನುವಾರ ಮಧ್ಯಾಹ್ನ ಇಬ್ಬಿಬ್ಬರಾಗಿ ಸುತ್ತಲಿನ ಹಳ್ಳಿಗಳಿಗೆ ಸುವಾರ್ತಾ ಸೇವೆ. ಓದುವುದು ಯಾವಾಗ ಎಂದು ಕೇಳಿದರೆ ವಾರ್ಡನ್ ಸಾರ್ ಮುಗುಳ್ನಗುತ್ತಿದ್ದರು. ಆ ನಗು ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ನನ್ನ ರೂಮ್‌ಮೇಟ್ ಒಳ್ಳೆಯವನು. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವನಾಗಿದ್ದರೆ ಎರಡು ಮಾತು ಬೈದು ಬೇರೆ ರೂಮು ಕೇಳಬಹುದಿತ್ತು. ಅವನು ನನ್ನ ಸೋಪಿನಲ್ಲಿ ಸ್ನಾನ ಮಾಡಿ, ಬಚ್ಚಲಲ್ಲೇ ಮೂರು ಕೀರ್ತನೆ ಹಾಡಿ ಮುಗಿಸಿ, ಹೊರಗೆ ಬಂದು "ನಿನಗೋಸ್ಕರಾನೂ ಪ್ರಾರ್ಥನೆ ಮಾಡ್ದೆ ಕಣೋ" ಅನ್ನುತ್ತಿದ್ದ. ಟವೆಲ್ ಹೆಗಲಿಗೆ ಹಾಕಿಕೊಂಡು ಸಾಲಾಗಿ ನಿಂತವರು ಅವನಿಗೆ ಏನು ತಾನೇ ಹೇಳಬೇಕು? ಊಟದ ಪ್ರಾರ್ಥನೆ ಅವನ ಪಾಲಿಗೆ ಬಂತೆಂದರೆ ಮುಗಿಯಿತು. ಲೋಕದ ಸೃಷ್ಟಿಯಿಂದ ಶುರುಮಾಡಿ, ದೇಶ ಆಳುವವರು, ಆಸ್ಪತ್ರೆಯಲ್ಲಿ ಮಲಗಿದವರು, ಅಡುಗೆಯವರ ಮಂಡಿನೋವು ಎಲ್ಲವನ್ನೂ ಮುಟ್ಟಿ ಆಮೆನ್ ಅನ್ನುವಷ್ಟರಲ್ಲಿ ಸಾರು ತಣ್ಣಗಾಗಿ ಮುದ್ದೆ ಗಟ್ಟಿಯಾಗಿರುತ್ತಿತ್ತು.

ಬುಧವಾರದ ಕೂಟದಲ್ಲಿ ನಮ್ಮಲ್ಲೊಂದು ಪದ್ಧತಿ ಇತ್ತು. ಕಣ್ಣು ಮುಚ್ಚುವ ಮೊದಲು ಒಬ್ಬೊಬ್ಬರೂ ತಮ್ಮ 'ಪ್ರಾರ್ಥನಾ ವಿಷಯ' ಹೇಳಬೇಕು. ಯಾವುದಕ್ಕಾಗಿ, ಯಾರಿಗಾಗಿ ಪ್ರಾರ್ಥಿಸಬೇಕು ಎಂಬುದು ಎಲ್ಲರಿಗೂ ತಿಳಿಯಬೇಕಲ್ಲ! ಅದರ ಹೆಸರಿನಲ್ಲಿ ಬಾರದ ಸುದ್ದಿಯೇ ಇರಲಿಲ್ಲ. ಯಾರ ಅಕ್ಕನ ಸಂಬಂಧ ಮುರಿಯಿತು, ಯಾರು ಗಣಿತದಲ್ಲಿ ಡುಮ್ಕಿ ಹೊಡೆದರು, ಮೆಜೆಸ್ಟಿಕ್ಕಿನ ಯಾವ ಟಾಕೀಸಿನ ಮುಂದೆ ಯಾರು ಕಾಣಿಸಿಕೊಂಡರು, ಎಲ್ಲವೂ ಅಲ್ಲಿಗೆ ಬರುತ್ತಿತ್ತು. ಹೆಸರು ಮಾತ್ರ ಹೇಳುವಂತಿಲ್ಲ, 'ಒಬ್ಬ ಸಹೋದರ' ಅನ್ನಬೇಕು. ನಲ್ಲಿಯ ಹತ್ತಿರ ಹೆಂಗಸರು ಆಡಿದರೆ ಚಾಡಿ ಅನ್ನುತ್ತಿದ್ದ ನಾವು, ಇದನ್ನು ಮಾತ್ರ ಪರರ ಭಾರ ಹೊರುವುದು ಅನ್ನುತ್ತಿದ್ದೆವು.

ನನಗೂ ಒಂದು ಗುಟ್ಟಿತ್ತು. ನಮ್ಮಪ್ಪ ತುಮಕೂರಿನ ಕಡೆಯ ಒಂದು ಸಣ್ಣ ಊರಿನ ಚರ್ಚಿನಲ್ಲಿ ಸಭಾಪಾಲಕರು. ನನಗೆ ಮೂರು ವರ್ಷವಾಗಿದ್ದಾಗ ಟೈಫಾಯ್ಡ್ ಬಂದು, ಡಾಕ್ಟರು ಕೈಬಿಟ್ಟಾಗ, ಮಗು ಉಳಿದರೆ ನಿನ್ನ ಸೇವೆಗೇ ಕೊಡುತ್ತೇನೆ ಎಂದು ಅಪ್ಪ ದೇವರಿಗೆ ಮಾತು ಕೊಟ್ಟಿದ್ದರಂತೆ. ನಾನು ಉಳಿದೆ. ಅಂದಿನಿಂದ ನೆಂಟರೆಲ್ಲ ನನ್ನನ್ನು 'ಚಿಕ್ಕ ಅಯ್ಯನೋರು' ಅಂತಲೇ ಕರೆದರು. ಡಿಗ್ರಿ ಮುಗಿದ ಮೇಲೆ ದೈವಶಾಸ್ತ್ರದ ಕಾಲೇಜಿಗೆ ಸೇರುವುದೆಂದು ತೀರ್ಮಾನವಾಗಿತ್ತು. ಈಸ್ಟರ್ ಕಳೆದ ಕೂಡಲೇ ವಾರ್ಡನ್ ಸಾರ್ ಶಿಫಾರಸು ಪತ್ರ ಬರೆಯುವುದಿತ್ತು. ನನಗೋ ಕೆಮಿಸ್ಟ್ರಿ ಲ್ಯಾಬು ಹಿಡಿಸಿಬಿಟ್ಟಿತ್ತು. ನಮ್ಮ ಲೆಕ್ಚರರು ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ವಿಷಯ ಮಾತಾಡುತ್ತೇನೆ ಅಂದಿದ್ದರು. ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನ ಎದುರು ಕೂತು ನಾನೇ ಹೇಳಬೇಕು ಅಂದುಕೊಂಡಿದ್ದೆ. ಅವರಿಗೆ ನೋವಾಗುತ್ತದೆ, ಗೊತ್ತಿತ್ತು. ಆ ನೋವು ನನ್ನ ಬಾಯಿಂದಲೇ ಆಗಲಿ, ಬೇರೆಯವರಿಂದ ಬೇಡ ಎಂಬುದಷ್ಟೇ ನನ್ನ ಆಸೆ.

ನಮ್ಮಿಬ್ಬರ ಪಾಲಿಗೆ ಬಂದಿದ್ದ ಹಳ್ಳಿ ಲಗ್ಗೆರೆ. ಮಹಾಲಕ್ಷ್ಮಿ ಲೇಔಟ್ ಕಡೆಯಿಂದ ಸೈಕಲ್ ತುಳಿದುಕೊಂಡು ಹೋದರೆ ಆಗ ಬರೀ ರಾಗಿ ಹೊಲಗಳು. ಅಲ್ಲೊಂದು ಒಕ್ಕಲುಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ನಮ್ಮನ್ನು ಕೂರಿಸಿಕೊಳ್ಳುತ್ತಿದ್ದರು. ರೂಮ್‌ಮೇಟ್ ಹಾಡಿ, ಬೋಧಿಸಿ, ಕರಪತ್ರ ಕೊಡುತ್ತಿದ್ದ. ಅಜ್ಜಿ ಅದನ್ನು ಭಕ್ತಿಯಿಂದ ತೆಗೆದುಕೊಂಡು ಸೂರಿಗೆ ಸಿಕ್ಕಿಸಿ, ನಮಗೆ ಮಜ್ಜಿಗೆ ಕೊಡುತ್ತಿದ್ದರು. ಸೂರಿನಲ್ಲಿ ಹಿಂದಿನ ವಾರದ ಕರಪತ್ರ ಎಂದೂ ಇರುತ್ತಿರಲಿಲ್ಲ, ಒಲೆ ಹಚ್ಚಲು ಹೋಗಿರುತ್ತಿತ್ತು. ಅಷ್ಟಾದರೂ ಪ್ರತಿ ವಾರದ ವರದಿಯಲ್ಲಿ 'ಒಬ್ಬ ವೃದ್ಧೆ ಬಹಳ ಆಸಕ್ತಿ ತೋರಿಸಿದರು' ಎಂದು ನನ್ನ ರೂಮ್‌ಮೇಟ್ ಬರೆಯುತ್ತಲೇ ಇದ್ದ.

ಈಸ್ಟರಿಗೆ ಇನ್ನೂ ಮೂರು ವಾರ ಇದ್ದಾಗ ಒಂದು ಭಾನುವಾರ ಅಜ್ಜಿ ನನ್ನ ಕಡೆ ತಿರುಗಿ, "ನೀನ್ಯಾಕ್ ಮಗ ಬಾಯೇ ಬುಡಕಿಲ್ಲ?" ಅಂದರು.

ನನ್ನ ಬದಲು ರೂಮ್‌ಮೇಟ್ ಉತ್ತರ ಕೊಟ್ಟ. "ಇವನು ಮುಂದೆ ಅಯ್ಯನೋರಾಗ್ತಾನೆ ಅಜ್ಜಿ. ಚಿಕ್ಕೋನಿದ್ದಾಗ್ಲೇ ಇವರಪ್ಪ ದೇವರಿಗೆ ಬಿಟ್ಟಿದಾರೆ."

ಅಜ್ಜಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ನಾವು ದೇವ್ರಿಗೆ ಕುರಿ ಬುಟ್ರೂ ಅದ್ರ ಮೈಮೇಲೆ ನೀರ್ ಚಿಮುಕಿಸಿ, ಅದು ಮೈ ಒದರೋಗಂಟ ಕಾಯ್ತೀವಿ ಕಣಪ್ಪ. ಒದರ್ನಿಲ್ಲ ಅಂದ್ರೆ ಒಪ್ಪಿಲ್ಲ ಅಂತ. ನಿಮ್ಮಪ್ಪ ನಿನ್ನ ಒಂದ್ ಮಾತು ಕೇಳಿದ್ನಾ?"

"ಇಲ್ಲ ಅಜ್ಜಿ," ಅಂದೆ. ಅಲ್ಲಿಗೆ ಸುಮ್ಮನಿರಬೇಕಿತ್ತು. "ನನಗೆ ಇಷ್ಟಾನೂ ಇಲ್ಲ. ಬಣ್ಣದ ಕಾರ್ಖಾನೆ ಲ್ಯಾಬಿಗೆ ಸೇರ್ಕೋಬೇಕು ಅಂತಿದೀನಿ" ಎಂದೂ ಸೇರಿಸಿದೆ. ರೂಮ್‌ಮೇಟ್ ಕುಡಿಯುತ್ತಿದ್ದ ಮಜ್ಜಿಗೆ ಗಂಟಲಲ್ಲೇ ನಿಂತಿತು.

ವಾಪಸ್ಸು ಬರುವಾಗ ನಾನು ಸೈಕಲ್ಲಿನಿಂದ ಇಳಿದು ಅವನನ್ನೂ ಇಳಿಸಿದೆ. "ಯಾರಿಗೂ ಹೇಳ್ಬೇಡ ಕಣೋ. ಹಬ್ಬಕ್ಕೆ ಹೋದಾಗ ಅಪ್ಪನಿಗೆ ನಾನೇ ಹೇಳ್ತೀನಿ."

"ನಾನ್ಯಾಕ್ ಹೇಳ್ಲಿ ಮಗಾ? ನನ್ನ ಹೊಟ್ಟೇಲೇ ಇರುತ್ತೆ, ಬಿಡು."

ಮೂರು ದಿನ ಇತ್ತು. ಬುಧವಾರ ಸಂಜೆ ಅವನು ಎದ್ದು ನಿಂತ. "ನಮ್ಮ ನಡುವೇನೇ ಒಬ್ಬ ಸಹೋದರ ಇದಾನೆ. ಹೆಸರು ಹೇಳಲ್ಲ. ಅವನ ತಂದೆ ಸಭಾಪಾಲಕರು..."

ಹನ್ನೊಂದು ಜನರಲ್ಲಿ ಸಭಾಪಾಲಕರ ಮಗ ನಾನೊಬ್ಬನೇ! ಎಲ್ಲರ ಕಣ್ಣೂ ನನ್ನ ಮೇಲೆ. ಆಮೇಲೆ ಒಬ್ಬೊಬ್ಬರಾಗಿ ನನಗಾಗಿ ಪ್ರಾರ್ಥಿಸಿದರು. ಒಬ್ಬನಂತೂ ನನ್ನನ್ನು 'ಬಣ್ಣದ ಮೋಹದಿಂದ' ಬಿಡಿಸೆಂದು ಗದ್ಗದಿತನಾಗಿ ಬೇಡಿಕೊಂಡ.

ರೂಮಿಗೆ ಬಂದ ಕೂಡಲೇ ಅವನ ಕಾಲರ್ ಹಿಡಿದೆ. "ಹೇಳ್ಬೇಡ ಅಂದಿದ್ನಲ್ಲೋ!"

"ನಾನೆಲ್ಲೋ ಹೇಳ್ದೆ?" ಅಂದ, ನಿಜಕ್ಕೂ ಆಶ್ಚರ್ಯದಿಂದ. "ಪ್ರಾರ್ಥನೆಗೆ ಕೊಟ್ಟೆ ಅಷ್ಟೆ."

ಅವನು ನಾಟಕ ಆಡುತ್ತಿರಲಿಲ್ಲ. ಹೇಳುವುದು ಬೇರೆ, ಪ್ರಾರ್ಥನೆಗೆ ಕೊಡುವುದು ಬೇರೆ ಎಂದು ಮನಸಾರೆ ನಂಬಿದ್ದ. ಅಂಥವನಿಗೆ ಹೊಡೆಯಲು ನನ್ನಿಂದ ಆಗಲಿಲ್ಲ. ಆವತ್ತೇ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಶುಕ್ರವಾರ ವಾರ್ಡನ್ ಸಾರ್ ಕರೆದು ನನ್ನ ಹೆಗಲ ಮೇಲೆ ಕೈಯಿಟ್ಟರು. "ನೋಡಪ್ಪ, ನಿಮ್ಮ ತಂದೆಯವರಿಗೆ ಒಂದು ಕಾರ್ಡ್ ಹಾಕಿದೀನಿ. ಅವರೂ ಪ್ರಾರ್ಥನೆ ಮಾಡ್ಲಿ."

ಕಾರ್ಡು! ಇನ್‌ಲ್ಯಾಂಡ್ ಲೆಟರ್ ಕೂಡ ಅಲ್ಲ! ನಮ್ಮೂರಿನ ಪೋಸ್ಟ್‌ಮ್ಯಾನ್ ಕಾರ್ಡುಗಳನ್ನು ದಾರಿಯಲ್ಲಿ ಓದಿಕೊಂಡೇ ಬರುವವರು, ದಿನಸಿ ಅಂಗಡಿಯ ಮುಂದೆ ನಿಂತು ವಿಷಯ ತಿಳಿಸಿ ಮುಂದೆ ಹೋಗುವವರು. ಮಗ ಮಾತು ಮುರಿಯುತ್ತಾನೆ ಎಂಬುದು ಅಪ್ಪನಿಗಿಂತ ಮೊದಲು ಊರಿಗೆ ಗೊತ್ತಾಗುತ್ತದೆ. ಭಾನುವಾರ ಅದೇ ಊರಿನವರ ಮುಂದೆ ಅವರು ಬೋಧಿಸಬೇಕು. ನನಗೆ ಅಳು ಬಂತು. ಅಳುವುದಕ್ಕೂ ಅಲ್ಲಿ ಜಾಗವಿರಲಿಲ್ಲ, ಬಚ್ಚಲಿನಲ್ಲಿ ರೂಮ್‌ಮೇಟ್ ಹಾಡುತ್ತಿದ್ದ.

ಅಪ್ಪನಿಗೆ ಮೂರು ಪತ್ರ ಬರೆದು ಹರಿದು ಹಾಕಿದೆ. ಅವರಿಂದಲೂ ಒಂದು ಸಾಲು ಬರಲಿಲ್ಲ. ಮುಂದಿನ ಭಾನುವಾರ ಲಗ್ಗೆರೆಯ ಅಜ್ಜಿ ಕೇಳಿದರು. "ಹೇಳ್ದಾ ಮಗ, ನಿಮ್ಮಪ್ಪಂಗೆ?"

"ಬೇರೆಯವರೇ ಹೇಳಿಬಿಟ್ರು ಅಜ್ಜಿ."

ಅವರು ರೂಮ್‌ಮೇಟನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಆ ದಿನ ಮಜ್ಜಿಗೆ ನನಗೊಬ್ಬನಿಗೇ ಬಂತು. ಅವತ್ತಿನ ವರದಿಯಲ್ಲಿ ವೃದ್ಧೆಯ ಆಸಕ್ತಿಯ ವಿಷಯ ಇರಲಿಲ್ಲ.

ಹಬ್ಬದ ವಾರ ಬಂತು. ನಾನು ಊರಿಗೆ ಹೋಗುವುದೇ ಬೇಡವೆಂದು ನಿರ್ಧರಿಸಿದ್ದೆ. ಯಾವ ಮುಖ ಇಟ್ಟುಕೊಂಡು ಹೋಗಲಿ? ಬುಧವಾರದ ಕೂಟದಲ್ಲಿ ವಾರ್ಡನ್ ಸಾರ್ ಜೇಬಿನಿಂದ ಒಂದು ಕಾಗದ ತೆಗೆದರು. "ಹೊರಗಡೆಯಿಂದ ಒಂದು ಪ್ರಾರ್ಥನಾ ವಿಷಯ ಬಂದಿದೆ. ಕೂಟದಲ್ಲಿ ಓದಿ ಅಂತ ಬರೆದಿದಾರೆ. ಹೆಸರು ಬೇಡ" ಎಂದು ಓದತೊಡಗಿದರು.

"ಒಬ್ಬ ತಂದೆಗಾಗಿ ಪ್ರಾರ್ಥಿಸಿರಿ. ಮಗನ ಜೀವಕ್ಕೆ ಹೆದರಿ, ಅವನನ್ನು ಕೇಳದೆ ಅವನ ಪರವಾಗಿ ಮಾತು ಕೊಟ್ಟನು. ಮಗನು ದೊಡ್ಡವನಾದ ಮೇಲೆ ಕೇಳಬೇಕಾಗಿತ್ತು. ಇಲ್ಲ ಅನ್ನುವನೇನೋ ಎಂದು ಹೆದರಿ ಕೇಳಲೇ ಇಲ್ಲ. ಆ ಮಗನು ಈಗ ತಂದೆಗೆ ಹೆದರಿ ಹಬ್ಬಕ್ಕೆ ಬಾರದೆ ಇರದಂತೆ ಪ್ರಾರ್ಥಿಸಿರಿ."

ಅಪ್ಪನ ಭಾಷೆ ನನಗೆ ಗೊತ್ತಿಲ್ಲವೇ? ಆಗಲೇ ಎದ್ದು ಊರಿಗೆ ಓಡಬೇಕೆನಿಸಿತು. ಅದರ ಹಿಂದೆಯೇ ಸಿಟ್ಟೂ ಬಂತು. ನನಗೇ ಒಂದು ಕಾರ್ಡು ಬರೆಯಬಾರದಿತ್ತೇ? ಹೆತ್ತ ಮಗನಿಗೆ ಎರಡು ಮಾತು ಹೇಳಲು ಹಾಸ್ಟೆಲಿನ ಇಡೀ ಕೂಟ ಬೇಕಾಯಿತೇ? ಎಂಥ ಜನಪ್ಪ ನಾವು ಅನ್ನಿಸಿತು.

"ಯಾರು ಪ್ರಾರ್ಥನೆ ಮಾಡ್ತೀರಾ?" ಎಂದರು ವಾರ್ಡನ್ ಸಾರ್.

ಎಲ್ಲರೂ ರೂಮ್‌ಮೇಟ್ ಕಡೆ ನೋಡಿದರು. ಅವನು ತಲೆ ತಗ್ಗಿಸಿ ಕೂತಿದ್ದ. ಅಷ್ಟು ದಿನ ಕೂಟದಲ್ಲಿ ಒಮ್ಮೆಯೂ ತಾನಾಗಿ ಎದ್ದವನಲ್ಲದ ನಾನು ಎದ್ದು ನಿಂತೆ.

"ಕರ್ತನೇ, ಆ ತಂದೆಗೆ ಹೇಳು. ಮಗ ನಾಳೆ ಮಧ್ಯಾಹ್ನದ ಬಸ್ಸಿಗೆ ಬರ್ತಾನೆ. ಅವರು ಬಸ್ ಸ್ಟ್ಯಾಂಡಿಗೆಲ್ಲ ಬರೋದು ಬೇಡ, ಬಿಸಿಲು ಜಾಸ್ತಿ. ಆಮೆನ್."

ಹಾಸ್ಟೆಲಿನ ಅತಿ ಚಿಕ್ಕ ಪ್ರಾರ್ಥನೆ ಅದೇ ಇರಬೇಕು. ಆ ದಿನ ನಮಗೆ ಸಾರು ಬಿಸಿಯಾಗಿ ಸಿಕ್ಕಿತು.

ಮರುದಿನ ಊರಿನಲ್ಲಿ ಬಸ್ಸಿಳಿದರೆ ಅಪ್ಪ ಕೊಡೆ ಹಿಡಿದು ನಿಂತಿದ್ದರು. ನಾನು ಬರುತ್ತೇನೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಟೀ ಅಂಗಡಿಯವರು ನನ್ನನ್ನು ನೋಡಿ, "ಬಂದ್ಯೇನಪ್ಪ? ಸೋಮವಾರದಿಂದ ನಿಮ್ಮಪ್ಪ ಪ್ರತಿ ಬಸ್ಸಿಗೂ ಬಂದು ನಿಲ್ತಾವ್ರೆ" ಅಂದರು.