ಮೂಗಿಗೆ ಕೆಲಸವಿಲ್ಲದ ಭಾಷೆ

ಈಚೆಗೆ ಒಬ್ಬನೇ ಡ್ರೈವ್ ಮಾಡುವಾಗ ಮೂಗು ಹಿಡಿದುಕೊಂಡು ಕನ್ನಡ ಮಾತಾಡಿ ನೋಡುತ್ತಿದ್ದೇನೆ. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಪಕ್ಕದ ಕಾರಿನವರು ಏನಂದುಕೊಂಡಾರು ಎಂಬ ಚಿಂತೆಯೂ ಜೊತೆಗಿರುತ್ತದೆ. ಹಾಗೆ ಹಿಡಿದಾಗ ನನ್ನ ಬಾಯಲ್ಲಿ ‘ಅಮ್ಮ’ ಹೋಗಿ ‘ಅಬ್ಬ’ ಆಗುತ್ತದೆ.

ಕಾರಣ, ಮಗಳು ಸಿರಿ. ಹತ್ತಿರದ ಹ್ಯಾರಿಸನ್ ಊರಿನಲ್ಲಿ ರೂಮು ಮಾಡಿಕೊಂಡು ಭಾಷಾವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಅವಳ ವಿಷಯ ರೊಟೊಕಾಸ್. ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪದಲ್ಲಿ ಕೆಲವೇ ಸಾವಿರ ಜನ ಆಡುವ ಭಾಷೆ. ಸ್ವರಗಳೇನೋ ನಮ್ಮ ಹಾಗೆಯೇ, ಅ ಇ ಉ ಎ ಒ. ವ್ಯಂಜನಗಳನ್ನು ಮಾತ್ರ ಬೆರಳಲ್ಲಿ ಎಣಿಸಬಹುದು. ಮ, ನ ಮುಂತಾದ ಅನುನಾಸಿಕಗಳು ಲೆಕ್ಕಕ್ಕೇ ಇಲ್ಲ. ನಾವಾದರೋ ಬಳಸದ ಙ, ಞಗಳನ್ನೂ ಮದುವೆಯಲ್ಲಿ ಬಂದ ಬೆಳ್ಳಿ ತಟ್ಟೆಗಳಂತೆ ಜೋಪಾನ ಮಾಡಿಕೊಂಡು ಬಂದವರು.

ನಮ್ಮೂರು ಮನ್ರೋದಲ್ಲಿ ಕನ್ನಡಿಗರು ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ಕುಗಳಲ್ಲಿ ಯಾರಾದರೂ ಮಗಳ ಬಗ್ಗೆ ಕೇಳಿದರೆ ‘ಡೇಟಾದಲ್ಲಿದ್ದಾಳೆ’ ಎಂದು ಪುಳಿಯೋಗರೆಯ ಕಡೆ ತಿರುಗಿಬಿಡುತ್ತಿದ್ದೆ. ಒಂದು ದಿನ ಹೆಂಡತಿಯೇ ನಿಜ ಹೇಳಿಬಿಟ್ಟಳು. ಧಾರವಾಡದ ಗೆಳೆಯ ಪಾಟೀಲ ತಟ್ಟೆ ಕೆಳಗಿಟ್ಟ. ‘ಇಷ್ಟ ಅಕ್ಷರದಾಗ ಗಂಡಾ ಹೆಂಡ್ತಿ ಜಗಳಾ ಹ್ಯಾಂಗ ಮಾಡ್ತಾರೋ ಮಾರಾಯಾ?’

ನನ್ನ ಚಿಂತೆ ಬೇರೆ. ಸಿರಿ ಮುಂದಿನ ತಿಂಗಳು ಆ ದ್ವೀಪಕ್ಕೆ ಹೊರಟಿದ್ದಾಳೆ, ಒಬ್ಬಳೇ, ವರ್ಷದ ಮಟ್ಟಿಗೆ. ಭಾನುವಾರ ಊಟಕ್ಕೆ ಬಂದವಳನ್ನು ತಡೆಯಲು ಅವಳ ಶಾಸ್ತ್ರವನ್ನೇ ಹಿಡಿದೆ. ಮಕಾರವಿಲ್ಲದ ಊರಲ್ಲಿ ಮಕ್ಕಳು ತಾಯಿಯನ್ನು ಹೇಗೆ ಕರೆಯುತ್ತವೆ ಎಂದೆ. ಕರೆಯುತ್ತವೆ, ತಾಯಿ ಬರುತ್ತಾಳೆ ಎಂದು ಇಂಗ್ಲಿಷಿನಲ್ಲೇ ಉತ್ತರಿಸಿ ಇನ್ನೊಂದು ಚಪಾತಿ ಹಾಕಿಕೊಂಡಳು. ಆ ಜನ ಮೂಗಿನಿಂದ ಮ, ನ ಹೊರಡಿಸುವುದು ಹೆಚ್ಚಾಗಿ, ತಮ್ಮ ಭಾಷೆಯನ್ನು ಕೆಡಿಸುವ ಪರದೇಶಿಗಳನ್ನು ಅಣಕಿಸುವಾಗಲಂತೆ.

ನನಗೆ ಅಷ್ಟೇ ಬೇಕಿತ್ತು.

‘ನೋಡು, ಊರಿಗೂರೇ ನಿನ್ನನ್ನ ಅಣಕಿಸತ್ತೆ. ಒಬ್ಬಳೇ ಏನ್ಮಾಡ್ತೀಯ?’

‘ಅಣಕಿಸ್ಬೇಕಾದ್ರೆ ಫಸ್ಟ್ ನಾನು ಹೇಳೋದನ್ನ ಕೇಳ್ಬೇಕಲ್ಲಪ್ಪ,’ ಎಂದಳು, ಅಪರೂಪಕ್ಕೆ ಕನ್ನಡದಲ್ಲಿ.

ಈ ದೇಶಕ್ಕೆ ಬಂದ ಮೊದಲ ವರ್ಷ ಆಫೀಸಿನಲ್ಲಿ ನನ್ನ ಇಂಗ್ಲಿಷನ್ನು ಯಾರೂ ಅಣಕಿಸಲಿಲ್ಲ. ಎಲ್ಲರೂ ನಯವಾಗಿ ನಕ್ಕು, ತಲೆಯಾಡಿಸಿ, ಮುಂದೆ ಹೋಗುತ್ತಿದ್ದರು. ಅಂಥ ಒಂಟಿತನವನ್ನು ಆಮೇಲೆ ನಾನು ಕಂಡಿಲ್ಲ.

ಹಾಗಾಗಿ ಅಲ್ಲಿಯವರು ನನ್ನ ಮಗಳನ್ನು ಬೇಗ ಅಣಕಿಸಲು ಶುರುಮಾಡಲಿ ಎಂದು ಈಗ ಹಾರೈಸುತ್ತಿದ್ದೇನೆ. ತಡಮಾಡಿದರೆ ಏನು ಗತಿ ಎಂಬುದು ಸದ್ಯದ ಚಿಂತೆ.